ಮುಟ್ಟುವ ಕೆಲಸ

ಲ್ಯಾಬಿನಲ್ಲಿ ನಿನಗೆಂತ ಕೆಲಸ ಎಂದು ಬಜಾಲಿನ ನೆರೆಕರೆಯವರು ಕೇಳಿದರೆ
ಬೆಂಡೆ ಸಸಿಯ ಮೈ ನೇವರಿಸುವುದು ಎನ್ನುತ್ತೇನೆ.
ನಗುತ್ತಾರೆ. ನಗಲಿ.
ಬೆಳಿಗ್ಗೆ ಇಪ್ಪತ್ತು ಸಲ, ಮೂರೂವರೆಗೆ ಇಪ್ಪತ್ತು ಸಲ,
ಬುಡದಿಂದ ಸುಳಿಯವರೆಗೆ, ಎರಡು ಬೆರಳ ನಡುವೆ,
ಬೀಡಿಗೆ ನೂಲು ಸುತ್ತುವಷ್ಟೇ ಬಿಗಿ, ಹೆಚ್ಚಿಲ್ಲ.
ಎ ಸಾಲಿನ ಇಪ್ಪತ್ತನಾಲ್ಕು ಚಟ್ಟಿಗೆ ಮಾತ್ರ.
ಬಿ ಸಾಲನ್ನು ಮುಟ್ಟಬಾರದು.
ಸೆರಗು ಕೂಡ ತಾಗಬಾರದು ಗುಲಾಬಿ, ಎಂದಿದ್ದಾರೆ
ಮಿನೇಜಸ್ ಮೇಡಂ; ಫ್ಯಾನಿನ ಸ್ವಿಚ್ಚಿಗೆ
ಟೇಪು ಅಂಟಿಸಿ ಹೋಗಿದ್ದಾರೆ.

ನನ್ನ ಬೆರಳು ನೋಡಿಯೇ ಅವರು ಕೆಲಸ ಕೊಟ್ಟದ್ದು.
ಹತ್ತೊಂಬತ್ತು ವರ್ಷ, ದಿನಕ್ಕೆ ಎಂಟುನೂರು ಬೀಡಿ.
ಕತ್ತರಿ ತಿಂದ ಹೆಬ್ಬೆರಳು, ದಡ್ಡುಗಟ್ಟಿದ ತೋರುಬೆರಳು,
ಎಲೆಯ ನರ ಎತ್ತ ಓಡುತ್ತದೆಂದು ಕಣ್ಣು ಮುಚ್ಚಿ ಹೇಳುತ್ತವೆ.
ಅದು ಸತ್ತ ಎಲೆ. ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಬಾಗುತ್ತದೆ,
ಒಣಗಿದರೆ ಒಡೆಯುತ್ತದೆ, ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ.
ಇವು ಹಾಗಲ್ಲ.

ಮೂರನೇ ವಾರಕ್ಕೆ ಗೊತ್ತಾಯಿತು.
ಬಿ ಸಾಲು ಸರಸರ ಎದ್ದು, ಕಿಟಕಿಯ ಸರಳು ದಾಟಿ,
ಕದ್ರಿ ಗುಡ್ಡೆಯ ಕಡೆ ಕತ್ತು ಚಾಚಿದೆ, ಬಿಳುಚಿ, ನೀಳಕ್ಕೆ.
ಎ ಸಾಲು ಗಿಡ್ಡ. ಕಾಂಡ ಮಾತ್ರ ನನ್ನ ಕಿರುಬೆರಳಿನಷ್ಟು ದಪ್ಪ.
ಹೂವು ಐದು ದಿನ ತಡ.
ನಾನು ಮಗುವಿನ ಬೆನ್ನು ಸವರಿದ ಹಾಗೆ ಸವರಿದ್ದು, ಮಾರಾಯ್ರೆ,
ಅದು ಗಾಳಿ ಎಂದುಕೊಂಡಿದೆ.
ಕಡಲಿನ ಕಡೆಯಿಂದ ಏನೋ ಬರುವುದುಂಟು ಎಂದು
ಎತ್ತರಕ್ಕೆ ತೆಗೆದಿಟ್ಟದ್ದನ್ನೆಲ್ಲ ಸೊಂಟಕ್ಕೆ ಹಾಕಿದೆ.

ಮುಟ್ಟಿದರೆ ಮುನಿ ಒಂದೇ ಅಲ್ಲ, ಎಂದರು ಮೇಡಂ,
ಎಲ್ಲ ಗಿಡವೂ ಮುನಿಯುತ್ತದೆ.
ಇವಕ್ಕೆ ಮುನಿಸು ನಿಧಾನ. ಕಾಂಡದೊಳಗೆ ಬರೆದುಕೊಳ್ಳುತ್ತವೆ.

ಊಟದ ಹೊತ್ತಿಗೆ ಅಜ್ಜಿ ನೆನಪಾದಳು.
ದೊಡ್ಡ ಮನೆಯ ಹಿತ್ತಿಲಲ್ಲಿ, ಅವಳೊಡ್ಡಿದ ಹಾಳೆಗೆ
ಗಂಜಿಯನ್ನು ಎತ್ತರದಿಂದ ಸುರಿಯುತ್ತಿದ್ದರಂತೆ,
ಕೈ ತಾಗದ ಹಾಗೆ, ಸೌಟು ಕೂಡ ತಾಗದ ಹಾಗೆ.
ಅವಳೂ ಗಿಡ್ಡ. ಮೀನಖಂಡ ಕಲ್ಲು.
ಹಾಗಾದರೆ ಅವಳು ಯಾವ ಸಾಲು?
ಮುಟ್ಟದೆಯೂ ಪೆಟ್ಟು ಕೊಡಲಿಕ್ಕೆ ಆಗುತ್ತದೆ,
ಇದು ಮೇಡಂ ಪುಸ್ತಕದಲ್ಲಿ ಉಂಟೋ ಇಲ್ಲವೋ.
ಕೇಳಲಿಲ್ಲ. ಬುತ್ತಿ ತೊಳೆದೆ.

ಒಂದು ತಪ್ಪು ಹೇಳಿಬಿಡುತ್ತೇನೆ.
ಬಿ ಸಾಲಿನ ಹದಿನೇಳು, ಮೂಲೆಯದ್ದು,
ಎಲ್ಲಕ್ಕಿಂತ ಉದ್ದ, ತನ್ನ ಎಲೆಯನ್ನೇ ಹೊರಲಾರದೆ ನೇಲುತ್ತಿತ್ತು.
ಮೇ ತಿಂಗಳು, ಕರೆಂಟಿಲ್ಲ,
ಹೊರಗೆ ತೆಂಗಿನ ಗರಿಯೂ ಮಿಸುಕುತ್ತಿಲ್ಲ.
ಒಮ್ಮೆ ಮುಟ್ಟಿದೆ.
ಮರುದಿನ ಮೂರು ಸಲ.
ಆಮೇಲೆ ಲೆಕ್ಕ ಇಡಲಿಲ್ಲ.
ಇಷ್ಟು ವರ್ಷದಲ್ಲಿ ಈ ಬೆರಳು
ಎಣಿಸದೆ ಮಾಡಿದ ಮೊದಲ ಕೆಲಸ ಅದು.

ಗ್ರಾಫಿನಲ್ಲಿ ಒಂದು ಚುಕ್ಕಿ ಗೆರೆ ಬಿಟ್ಟು ಕೆಳಗೆ ಕೂತಿತು.
ಮೇಡಂ ಪೆನ್ಸಿಲು ಅಲ್ಲಿಯೇ ನಿಂತಿತು,
ಕಣ್ಣು ನನ್ನ ಕೈಯವರೆಗೆ ಬಂತು. ಸೆರಗಿನೊಳಗೆ ಇಟ್ಟುಕೊಂಡೆ.
ಅಳಿಸಲಿಲ್ಲ ಅವರು. ಚುಕ್ಕಿಯ ಸುತ್ತ
ಒಂದು ಸೊನ್ನೆ ಎಳೆದರು, ಮೆಲ್ಲಗೆ.

ಜೂನ್ ಐದಕ್ಕೆ ಚಟ್ಟಿಗಳನ್ನು ಟೆರೇಸಿಗೆ ಹೊತ್ತೆವು.
ರಾತ್ರಿ ಗಾಳಿ ಬಂತು, ನಿಜದ್ದು, ಪಣಂಬೂರಿನ ಕಡೆಯಿಂದ,
ಸೈಕಲ್ ಸ್ಟ್ಯಾಂಡಿನ ಶೀಟು ಹಾರಿಸಿಕೊಂಡು.
ಬೆಳಿಗ್ಗೆ ಬಿ ಸಾಲು ಮಲಗಿತ್ತು, ಮುರಿದಲ್ಲಿ ಒಳಗೆಲ್ಲ ಬೆಂಡು.
ಎ ಸಾಲಿನಲ್ಲಿ ನಿಂತದ್ದು ಹತ್ತೊಂಬತ್ತು.
ಉಳಿದ ಐದು ಯಾಕೆ ಬಿದ್ದವೋ. ಅವನ್ನೂ ಇಪ್ಪತ್ತಿಪ್ಪತ್ತು ಸಲವೇ ಮುಟ್ಟಿದ್ದೆ.
ಹದಿನೇಳು ಅರ್ಧ ಬಾಗಿ, ಪಾಗಾರಕ್ಕೆ ಒರಗಿ,
ಒದ್ದೆ ಮೊಗ್ಗೊಂದನ್ನು ಹಿಡಿದುಕೊಂಡಿತ್ತು.
ಬಿದ್ದದ್ದೆಂದು ಬರೆಯುವುದೋ ನಿಂತದ್ದೆಂದು ಬರೆಯುವುದೋ,
ಮೇಡಂ ಕೊಡೆ ಹಿಡಿದುಕೊಂಡು ತುಂಬ ಹೊತ್ತು ನೋಡಿದರು.

ನೀನೇ ಹೇಳು ಗುಲಾಬಿ, ಎಂದರು.