ಇಪ್ಪತ್ತನಾಲ್ಕನೇ ಚೌಕ

ಬಂದ್ಯೋಡಿನಿಂದ ಒಳಗೆ, ಮುರಕಲ್ಲಿನ ಕೋರೆ ದಾಟಿದರೆ
ದೂಮಪ್ಪನ ಮನೆ. ನನ್ನ ಸ್ಕೂಟರಿನ ಸದ್ದಿಗೆ
ಮೊದಲು ಏಳುವುದು ಕೋಳಿಗಳು,
ಆಮೇಲೆ ಅವನ ಎಡಗೈಯ ತೋರುಬೆರಳು.
ಉಳಿದದ್ದೆಲ್ಲ ಆ ತೆಂಗಿನ ಬುಡದಲ್ಲೇ ಉಂಟು,
ಮಾತೂ ಸೇರಿ, ಮೂರು ವರ್ಷದಿಂದ.

ಪಂಚಾಯತಿನವರು ಕೊಟ್ಟ ಟ್ಯಾಬು:
ಇಪ್ಪತ್ತನಾಲ್ಕು ಚೌಕ, ಚೌಕಕ್ಕೊಂದು ಚಿತ್ರ.
ಲೋಟ ಒತ್ತಿದರೆ ಒಳಗಿನ ಹೆಂಗಸು
ತಿರುವನಂತಪುರದ ನಯದಲ್ಲಿ 'ವೆಳ್ಳಂ ವೇಣಂ' ಅಂದಳು.
ಸುಂದರಿ ಬಾಗಿಲಿಗೆ ಹೋಗಿ ನೋಡಿದಳು,
ಯಾರೋ ಬಾಯಾರಿ ಬಂದರೆಂದು.

ತುಳುವಾ, ಕನ್ನಡವಾ ಎಂದು ಕೇಳಿದೆ.
ಐದನೇ ಕ್ಲಾಸಿನವರೆಗೆ ಕಲಿತ ಕನ್ನಡಕ್ಕೇ ಬೆರಳೆದ್ದಿತು.
'ಸರಕಾರದ ವಸ್ತುವಲ್ಲವಾ,
ಸ್ವಲ್ಪ ಮರ್ಯಾದೆಯಲ್ಲಿ ಮಾತಾಡಲಿ ಅಂತ'
ಸುಂದರಿ ಅರ್ಥ ಹೇಳಿದಳು.

ಹಾಗಾಗಿ ನನ್ನ ದನಿ ಹೋಯಿತು ಅದರೊಳಗೆ.
ಪಾಲಿಯೇಟಿವ್ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ:
ಇನ್ನೊಬ್ಬನ ಬಾಯಾರಿಕೆಯನ್ನು
ಯಾವ ದನಿಯಲ್ಲಿ ಹೇಳುವುದು ಅಂತ.
ಫ್ಯಾನು ನಿಲ್ಲಿಸಿ, ಕೋಳಿ ಅಟ್ಟಿ, ಉಸಿರು ಬಿಗಿಹಿಡಿದು
'ನೀರು.' 'ಮಗ್ಗುಲು ತಿರುಗಿಸು.' 'ಬೆನ್ನು ತುರಿಸ್ತದೆ.'
'ಆ ಚಾನೆಲ್ ಬೇಡ.' 'ನೋವು.'
ನೋವು ಮೂರು ಸಲ ಆಗಬೇಕಾಯಿತು.
ಮೊದಲನೆಯದು ಶಾಲೆಯ ಹುಡುಗಿ ಪದ್ಯ ಒಪ್ಪಿಸಿದ ಹಾಗೆ,
ಎರಡನೆಯದು ನಾಟಕದ್ದು.
ಮೂರನೆಯದಕ್ಕೆ ಅವನು ಬೆರಳೆತ್ತಿದ.

ಕೊನೆಯ ಚೌಕ ಖಾಲಿ ಉಳಿಯಿತು.
'ಚಾಯ?' ಬೆರಳು ಏಳಲಿಲ್ಲ.
'ಭಜನೆ?' ಇಲ್ಲ.
ಅವನ ಕಣ್ಣು ಕಿಟಕಿಯಾಚೆ, ಮೇಲೆ, ಇನ್ನೂ ಮೇಲೆ.
ಮೋಡ ಅಂದುಕೊಂಡೆ, ಪೆದ್ದಿ ನಾನು.
ಸುಂದರಿಗೆ ಗೊತ್ತಾಯಿತು.

ಜೊತೆಗೆ ಮರ ಹತ್ತುತ್ತಿದ್ದ ಚೋಮುವನ್ನು ಕರೆಸಿದೆವು.
ನೆಲದ ಮೇಲೆ ನಿಂತು ಹೇಳಲು ಅವನಿಗೆ ಬರಲೇ ಇಲ್ಲ.
ನನ್ನ ಫೋನನ್ನು ಅಂಗಿಯ ಜೇಬಿಗಿಳಿಸಿ
ತಳೆ ಬಿಗಿದು ಹತ್ತಿಯೇಬಿಟ್ಟ.
ಗಾಳಿ, ಮಡಲಿನ ಸರಸರ, ಕತ್ತಿಯ ಒಂದು ಏಟು, ಆಮೇಲೆ
'ಹೋ... ದೂರ ನಿಲ್ಲಿ! ಕಾಯಿ ಬೀಳ್ತದೆ!'

ಈಗ ಆಫೀಸಿನವರು ಫೋಟೋ ತೆಗೆಯಲು ಬಂದರೆ
ದೂಮಪ್ಪ ಒತ್ತುವುದು ಅದನ್ನೇ.
ಇಸ್ತ್ರಿ ಹಾಕಿದ ಅಂಗಿಗಳು ಹಿಂದಕ್ಕೆ ಹಾರಿ
ತಲೆಯೆತ್ತಿ ನೋಡುತ್ತವೆ: ಶೀಟಿನ ಮಾಡು.
ಅವನ ಹೊಟ್ಟೆ ಕುಲುಕುತ್ತದೆ.
ನಗುವಿಗೆ ನಾವು ಚೌಕ ಇಟ್ಟಿರಲಿಲ್ಲ.

ಒತ್ತಿದ್ದೆಲ್ಲ ಲೆಕ್ಕಕ್ಕೆ ಬಿದ್ದು ನನ್ನ ಫೋನಿಗೆ ಬರುತ್ತದೆ.
ಕಳೆದ ಮಂಗಳವಾರ, ರಾತ್ರಿ ಎರಡು ನಲವತ್ತರಿಂದ
'ನೋವು' ಹನ್ನೊಂದು ಸಲ.
ಬೆಳಕು ಹರಿಯುವ ಮೊದಲೇ ಹೊರಟೆ.
ಚೀಲದಲ್ಲಿ ಮಾತ್ರೆ, ಹೊಸ ಟ್ಯೂಬು, ಬಾಯಲ್ಲಿ ಡಾಕ್ಟರ ನಂಬರು.
ಅವನು ಗೊರಕೆ ಹೊಡೆಯುತ್ತಿದ್ದ.
ಸುಂದರಿ ಒಲೆಯ ಮುಂದೆ, ನನಗೆ ಬೆನ್ನು ಹಾಕಿ:
'ಅವರಲ್ಲ ಟೀಚರೇ, ಅದು ನಾನು.
ಸದ್ದು ಸಣ್ಣ ಇಟ್ಟಿದ್ದೆ.
ಯಾರಾದರೂ ಒಮ್ಮೆ ಹಾಗೆ ಹೇಳುವುದು
ಕೇಳಬೇಕು ಅಂತ ಕಂಡಿತು.'

ಚಾಯ ಕುಡಿದೆವು. ಸಕ್ಕರೆ ಜಾಸ್ತಿಯಾಗಿತ್ತು.

ಕಾರಣ ಬರೆಯದೆ ವರದಿಯ ಮುಂದಿನ ಪುಟ ತೆರೆಯುವುದಿಲ್ಲ.
ಬಳಕೆದಾರರ ಹೆಸರು ಎಂಬಲ್ಲಿ ಒಬ್ಬರಿಗೇ ಜಾಗ.
ಅಂಗಳದಾಚೆ ಸ್ಕೂಟರಿನ ಮೇಲೆ ಕೂತು
ಅಳಿಸಿದೆ, ಬರೆದೆ, ಅಳಿಸಿದೆ.
ಕೊನೆಗೆ ನಡುವೆ ಸಂದು ಬಿಡದೆ ಹೊಡೆದೆ:
ದೂಮಪ್ಪಸುಂದರಿ.
ತೆಗೆದುಕೊಂಡಿತು.

ಕೀಲಿ ತಿರುಗಿಸುವಷ್ಟರಲ್ಲಿ ಒಳಗಿಂದ
'ಹೋ... ದೂರ ನಿಲ್ಲಿ!'
ಒತ್ತಿದ್ದು ಯಾರೋ.
ತಲೆಯೆತ್ತಿ ನೋಡಿದೆ, ಸ್ಕೂಟರನ್ನು
ಮರದಡಿಯಿಂದ ಸ್ವಲ್ಪ ಬದಿಗೆ ತಳ್ಳಿದೆ.