ಉರಿ ಇಳಿಸುವ ಲೆಕ್ಕ

ಇಪ್ಪತ್ತೆರಡು ವರ್ಷ ಆಲೆಮನೆಯ ಒಲೆಬಾಯಿಗೆ
ಒಣಗಿದ ಕಬ್ಬಿನ ಸಿಪ್ಪೆ ತುಂಬಿದವನು ನಾನು.
ಕೊಪ್ಪರಿಗೆಯ ಸದ್ದು ಕೇಳಿಯೇ ಹೇಳುತ್ತಿದ್ದೆ
ಹದ ಬಂತು, ಬರಲಿಲ್ಲ, ಇನ್ನೆರಡು ಹಿಡಿ ಸಾಕು.
ಗಾಣಕ್ಕೆ ಕಬ್ಬು ಕೊಟ್ಟಿದ್ದು ಒಂದೇ ದಿನ,
ಕೊಡುವ ಹುಡುಗ ಬಂದಿರಲಿಲ್ಲ ಅಂತ.

ಎರಡು ಬೆರಳು ಹೋದವು. ಅದು ಬಿಡಿ.
ಹೋದ ಬೆರಳಿನ ಉಗುರು ಸಂದಿಯಲ್ಲಿ
ರಾತ್ರಿಯೆಲ್ಲ ಸೂಜಿ ಆಡುತ್ತಿತ್ತು;
ಇಲ್ಲದ್ದಕ್ಕೆ ಎಣ್ಣೆ ಹಚ್ಚುವುದೆಲ್ಲಿ?
ಆಗ ಬಂತು ಆ ಬಿಳಿ ಮಾತ್ರೆ.
ಮೊದಮೊದಲು ಅದರ ಹೆಸರು ನಾಲಿಗೆಗೆ ಸಿಕ್ಕುತ್ತಿರಲಿಲ್ಲ.
ಆಮೇಲೆ ಕತ್ತಲಲ್ಲಿ ಶೀಟು ಸವರಿಯೇ
ಎಷ್ಟು ಉಳಿದಿವೆ ಎಂದು ಹೇಳಬಲ್ಲವನಾದೆ.

ಎರಡು ತಿಂಗಳಿಗೆ ಅಂತ ಬರೆದದ್ದು
ಎರಡು ಯುಗಾದಿ ದಾಟಿತು.
ಒಂದಿದ್ದದ್ದು ಮೂರಾಯಿತು, ಆರಾಯಿತು,
ಮೆಡಿಕಲ್ ಹುಡುಗ ಚೀಟಿ ಕೇಳುವುದನ್ನೇ ಬಿಟ್ಟ.
ನಾನು ಬೀಡಿ ಸೇದಿದವನಲ್ಲ,
ಮಾರ್ನಮಿಗೂ ಒಂದು ಗುಟುಕು ಇಳಿಸಿದವನಲ್ಲ.
ಭಾವಮೈದ ಕುಡಿದು ಚರಂಡಿಗೆ ಬಿದ್ದಾಗ
ಎತ್ತಿ ಕೂರಿಸಿ ಬುದ್ಧಿ ಹೇಳಿದವನು,
ಜೇಬಲ್ಲಿ ಮಾತ್ರೆ ಇಟ್ಟುಕೊಂಡೇ.

ಒಂದು ಸಲ ಹಟಕ್ಕೆ ಬಿದ್ದು
ಇದ್ದದ್ದನ್ನೆಲ್ಲ ತಿಪ್ಪೆಗೆ ಎಸೆದೆ. ಗಂಡಸುತನ.
ಸಂಜೆಗೆ ಆಕಳಿಕೆ. ಆಕಳಿಸಿ ಆಕಳಿಸಿ ದವಡೆ ಸೋತಿತು.
ಕಣ್ಣು ಮೂಗು ಸೋರಿದವು,
ಅಳುತ್ತಿರಲಿಲ್ಲ, ಆಣೆ.
ಮೇ ತಿಂಗಳ ಸೆಕೆಯಲ್ಲಿ
ಪುಕ್ಕ ಕಿತ್ತ ಕೋಳಿಯಂಥ ಮೈ.
ಹೊಟ್ಟೆ ಕಿತ್ತುಕೊಂಡು ಬಂತು. ಕಾಲು
ನನ್ನ ಮಾತು ಕೇಳದೆ ಚಾಪೆ ಒದೆಯಿತು,
ಮೊಣಕಾಲ ಮೂಳೆಯೊಳಗೆ ಇರುವೆ ಸಾಲು.
ಮೂರನೇ ರಾತ್ರಿ ಬ್ಯಾಟರಿ ಹಿಡಿದು
ತಿಪ್ಪೆ ಕೆದಕುತ್ತಿದ್ದೆ.
ಕೆಂಪಾಜಿ ಬಾಗಿಲಲ್ಲಿ ನಿಂತು ನೋಡಿದಳು.
ಏನೂ ಅನ್ನಲಿಲ್ಲ.
ಬೆಳಿಗ್ಗೆ ಒಳ್ಳೆ ಸೀರೆ ಉಟ್ಟು,
"ಏಳು, ಮಂಡ್ಯಕ್ಕೋಗವ" ಅಂದಳು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ನಫೀಸಾ ಬಯ್ಯಲಿಲ್ಲ.
ಕೆಲಸ ಏನು ಅಂತ ಕೇಳಿದರು. ಹೇಳಿದೆ.
"ಕುದಿಯೋ ಕೊಪ್ಪರಿಗೆ ಕೆಳಗಿನ ಉರಿಯನ್ನ
ಒಂದೇ ಏಟಿಗೆ ಎಳೀತೀರಾ?"
"ಎಳಿಯಕ್ಕಿಲ್ಲ ಕನವ್ವ, ಪಾಕ ಕೆಡ್ತದೆ."
"ಮತ್ತೆ?" ಅಂದರು. ಅಷ್ಟೇ.

ಈಗ ಡಬ್ಬಿಯ ಬೀಗದಕೈ ಕೆಂಪಾಜಿಯ ಸೊಂಟದಲ್ಲಿ.
ಡಾಕ್ಟರಮ್ಮ ಬರೆದುಕೊಟ್ಟ ಹಾಗೆ, ಇಷ್ಟಿಷ್ಟೇ ಕಡಿಮೆ.
ಅವಳ ಅಡಕತ್ತರಿ ಮಾತ್ರೆ ಸೀಳುವಾಗ
ಚೂರು ಪುಡಿ ಹಾರುತ್ತದೆ.
ನಾನು ಪುಡಿಯನ್ನು ನೋಡುತ್ತೇನೆ,
ನಾನು ನೋಡುವುದನ್ನು ಅವಳು ನೋಡುತ್ತಾಳೆ.
ಮಗಳು ಕ್ಯಾಲೆಂಡರಿನಲ್ಲಿ ಡೈರಿ ಹಾಲಿನ ಲೆಕ್ಕದ ಪಕ್ಕ
ನನ್ನದೂ ಬರೆಯುತ್ತಾಳೆ;
ಹಸು ಏರುತ್ತದೆ, ನಾನು ಇಳಿಯುತ್ತೇನೆ.
ಒಂದು ವಾರ ಇಳಿಯಲಾಗಲಿಲ್ಲ. ಜಡಿಮಳೆ,
ಇಲ್ಲದ ಬೆರಳೆರಡೂ ಬಾಯಿ ಬಡಿದುಕೊಂಡವು.
"ಅದೇ ಮೆಟ್ಟಿಲಲ್ಲಿ ಕೂತಿರಿ, ಮೇಲಕ್ಕೆ ಹತ್ತಬೇಡಿ"
ಅಂದರು ಡಾಕ್ಟರಮ್ಮ ಫೋನಿನಲ್ಲಿ. ಕೂತೆ.

ರಾತ್ರಿ ಕಾಲು ಎಳೆದರೆ ವಿ.ಸಿ. ನಾಲೆಯ ಏರಿ ಹಿಡಿಯುತ್ತೇನೆ.
ನೀರುಗಂಟಿ ಸಿದ್ದಯ್ಯನ ಬೀಡಿ ಕೆಂಡ
"ಯಾರ್ಲಾ ಅದು?" ಅನ್ನುತ್ತದೆ.
"ನಿದ್ದೆ ಇಲ್ಲ ಕನ."
"ನಂಗೂವೆ."
ಮೊನ್ನೆ ಅವನಿಗೆ ಎಲ್ಲ ಹೇಳಿಬಿಟ್ಟೆ.
ನಾಲ್ಕೂರಿಗೆ ನೀರು ಬಿಡುವ ಮನುಷ್ಯ
ಒಂದು ಮಾತು ಹೊರಗೆ ಬಿಡಲಿಲ್ಲ.

ವಾಪಸು ಬರುವಾಗ ಯಾವುದೋ ಆಲೆಮನೆಯ ಗಾಳಿ,
ಆಗಷ್ಟೇ ನೊರೆ ತೆಗೆದ ಹಾಲಿನ ಕಂಪು.
ಎರಡು ವರ್ಷ ನನಗೆ ವಾಸನೆಯೇ ಬಂದಿರಲಿಲ್ಲವೆಂದು
ಗೊತ್ತಾದದ್ದು ಆಗ.

ಈ ಸಂಜೆಯ ಪಾಲು ಕಾಲು ಮಾತ್ರೆ.
ಮೂರು ಬೆರಳಿಗೆ ಸಿಕ್ಕದೆ ಜಾರಿತು.
ಇಬ್ಬರೂ ಮಂಡಿಯೂರಿ, ಅದೇ ಬ್ಯಾಟರಿ ಹಿಡಿದು
ಕಣಜದ ಸಂದಿ ಹುಡುಕಿದೆವು.
ಮೊದಲು ನಕ್ಕವಳು ಅವಳು.
ಸಿಕ್ಕಲಿಲ್ಲ.
"ಇನ್ನೊಂದು ಕಾಲು ಸೀಳ್ಲಾ?" ಅಂದಳು.

"ತಡಿ," ಅಂದೆ, "ಒಂದು ಗಳಿಗೆ ನೋಡವ."