ಕಣ್ಣಳತೆ

ಟಿಬಿಲಿಸಿಯ ಅಂಚಿನ ಗ್ಲದಾನಿಯಲ್ಲಿ, ನಮ್ಮ ಒಂಬತ್ತು ಮಹಡಿಯ ಕಟ್ಟಡದಲ್ಲಿ
ಲಿಫ್ಟಿಗೂ ಹಸಿವು.
ಇಪ್ಪತ್ತು ತೆತ್ರಿ ನಾಣ್ಯ ಬಾಯಿಗೆ ಹಾಕಿದರಷ್ಟೇ
ಮೈಮುರಿದು ಏಳುತ್ತದೆ, ಮುಲುಗುತ್ತ,
ಸಾಯಲು ಮನಸ್ಸಿಲ್ಲದ ಮುದುಕಿಯಂತೆ.

ಏಳನೆಯ ಮಹಡಿಯ ನುಗ್ಜಾರ್
ದಿನಾ ಸಂಜೆ ಕೆಳಗೆ ನಿಂತಿರುತ್ತಿದ್ದ
ಅಂಚೆಡಬ್ಬಿಗಳ ಪಕ್ಕ, ಟೋಪಿ ಕೈಯಲ್ಲಿ,
ಗೋಡೆಯ ಮೇಲೆ ಏನನ್ನೋ ಓದುವವನಂತೆ.
ಅಲ್ಲಿ ಓದಲು ಇದ್ದದ್ದು
ಮೂರು ವರ್ಷ ಹಳೆಯ ನೀರಿನ ಬಿಲ್ಲು ಒಂದೇ.
ಯಾರಾದರೂ ಬಂದು ಗುಂಡಿ ಒತ್ತಿದರೆ
ಹಿಂದೆಯೇ ನುಸುಳುತ್ತಿದ್ದ.
ನಾಣ್ಯ ನಮ್ಮದು. ಸವಾರಿ ಅವನದು.

ನಾನು ತ್ಸಿಯಾಲಾ. ನಿಲ್ದಾಣದ ಪಕ್ಕದ ಬಜಾರಿನಲ್ಲಿ
ಮೂವತ್ತೊಂದು ವರ್ಷದಿಂದ ಸುಲುಗುನಿ ಚೀಸು ಮಾರುವವಳು.
ಕಣ್ಣಿಟ್ಟರೆ ಸಾಕು: ಇದು ನಾನೂರು ಗ್ರಾಂ,
ಇದು ನಾನೂರ ಹತ್ತು.
ತಕ್ಕಡಿ ಇರುವುದು ಗಿರಾಕಿಯ ಸಮಾಧಾನಕ್ಕೆ.
ಅವನನ್ನೂ ಹಾಗೇ ತೂಗಿದೆ, ಮೊದಲ ವಾರದಲ್ಲೇ:
ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ.
ಕಾಗದದಲ್ಲಿ ಸುತ್ತಿ ಹಂಚಿದೆ,
ಐದನೆಯ ಮಹಡಿಯ ಮ್ಜೆವಿನಾರಳಿಗೆ ಒಂದು ತುಂಡು,
ಮೆಟ್ಟಿಲು ಗುಡಿಸುವ ಗುಲೀಕೋಗೆ ಒಂದು ತುಂಡು.
ಅವರು ಉಪ್ಪು ಸವರಿ ಮುಂದಕ್ಕೆ ದಾಟಿಸಿದರು.
ಚಳಿ ಬರುವಷ್ಟರಲ್ಲಿ ಇಡೀ ಕಟ್ಟಡ
ಅದನ್ನು ತಿಂದು ಅರಗಿಸಿಕೊಂಡಿತ್ತು.

ಫೆಬ್ರವರಿಯ ಒಂದು ಸಂಜೆ
ಎರಡು ಖಾಲಿ ಬಕೆಟ್ಟು ಹಿಡಿದು ನಾನು, ಹಿಂದೆ ಅವನು.
ಲಿಫ್ಟು ನಾಣ್ಯ ನುಂಗಿತು,
ನಾಲ್ಕು ದಾಟಿತು, ಐದು ಮುಟ್ಟಲಿಲ್ಲ.
ದೀಪವೂ ಹೋಯಿತು.

ಮೊದಲು ಕೇಳಿದ್ದು ಚಿಲ್ಲರೆಯ ಸದ್ದು.
ಅವನ ಜೇಬಿನಲ್ಲಿ, ಮುಷ್ಟಿಗಟ್ಟಲೆ, ಗಲಗಲ ಗಲಗಲ.
ಎಣಿಸುತ್ತಿದ್ದಾನೆ ಅಂದುಕೊಂಡೆ, ಆಗಲೂ.
ನಡುಗುತ್ತಿದ್ದ.
"ಮಾತಾಡಿ," ಎಂದ, "ಏನಾದರೂ. ಬೈದರೂ ಸರಿ."

ಬೈಯಲು ಬಾಯಿ ಬರಲಿಲ್ಲ. ಅವನೇ ಮಾತಾಡಿದ.
ದಿನಕ್ಕೆ ಎರಡು ಗಂಟೆ ಕರೆಂಟು ಬರುತ್ತಿದ್ದ ಆ ವರ್ಷ
ಇದೇ ಗೂಡಿನಲ್ಲಿ, ಒಬ್ಬನೇ,
ರಾತ್ರಿ ಒಂಬತ್ತರಿಂದ ಮರುದಿನ ಮಧ್ಯಾಹ್ನದ ತನಕ.
ಕೂಗಿದನಂತೆ. ಎಲ್ಲರ ಮನೆಯಲ್ಲೂ
ಸೀಮೆಎಣ್ಣೆ ಒಲೆ ಭುಸುಗುಡುತ್ತಿತ್ತು.
ಅಂದಿನಿಂದ ಒಬ್ಬನೇ ಹತ್ತಲಾರ.
ಮೆಟ್ಟಿಲಿಗೆ ಮೊಣಕಾಲು ಒಪ್ಪದು.

"ನಾಣ್ಯವನ್ನಾದರೂ ನೀನು ಹಾಕಬಹುದಿತ್ತಲ್ಲ?"
ನನ್ನ ನಾಲಿಗೆ ಇನ್ನೂ ತಕ್ಕಡಿ ಬಿಟ್ಟಿರಲಿಲ್ಲ.
"ಈ ಕೈ ಜೇಬಿನಿಂದ ಹೊರಬರುವಷ್ಟರಲ್ಲಿ
ನೀವೆಲ್ಲ ಹಾಕಿ ಮುಗಿಸಿರುತ್ತೀರಿ.
ಒಂದು ಸಲ ನಿಮ್ಮ ಎಡಕ್ಕೆ ನಿಂತು ಕರೆದೆ,
ದುಡ್ಡು ಅಂಗೈಯಲ್ಲೇ ಇತ್ತು. ನೀವು ತಿರುಗಲಿಲ್ಲ.
ಚೀಸು ಮಾರುವವಳಿಗೆ ಎಷ್ಟು ಜಂಭ, ಅಂದುಕೊಂಡೆ.
ಬಿಟ್ಟುಬಿಟ್ಟೆ."

ಎಡಗಿವಿ ನನಗೆ ಕೇಳದು, ಏಳನೆಯ ವಯಸ್ಸಿನಿಂದ.
ಗಿರಾಕಿಗಳನ್ನು ಬಲಕ್ಕೆ ನಿಲ್ಲಿಸಿಕೊಂಡೇ
ಬದುಕು ಸಾಗಿಸಿದವಳು, ಯಾರಿಗೂ ಹೇಳದೆ.
ಕತ್ತಲಿಗೆ ಮುಖವಿಲ್ಲ ನೋಡಿ,
ಹೇಳಿಬಿಟ್ಟೆ.
ಅವನು ತಡಕಾಡುತ್ತ ನನ್ನ ಬಲಕ್ಕೆ ಬಂದ,
ಬಕೆಟ್ಟಿಗೆ ಕಾಲು ಹಾಕಿ ಎಡವಿದ.
ಇಬ್ಬರೂ ನಕ್ಕೆವು, ಸ್ವಲ್ಪ ಹೆಚ್ಚೇ.

ಗುಲೀಕೋಳ ಮಗ ಹಾರೆ ತಂದು ಬಾಗಿಲು ಸೀಳಿದಾಗ
ನಲವತ್ತು ನಿಮಿಷ ಆಗಿತ್ತು.

ಮಾರಿದ ಚೀಸು ಮರಳಿ ಬರುವುದಿಲ್ಲ.
ಮ್ಜೆವಿನಾರ್ ಅಂದಳು: ನಿನ್ನ ಕಿವಿಗೆ ಹೂವಿಟ್ಟಿದ್ದಾನೆ.
ಗುಲೀಕೋ ಅಂದಳು: ಹೆದರಿಕೆಯೂ ಜಿಪುಣತನದ್ದೇ ಒಂದು ಜಾತಿ.
ಬಾಗಿಲಿಂದ ಬಾಗಿಲಿಗೆ ಅಲೆದೆ.
ಹಂಚಲು ಒಂದು ವಾರ ಸಾಕಾಗಿತ್ತು,
ವಾಪಸು ಪಡೆಯಲು ಈ ಬೇಸಿಗೆಯೂ ಸಾಲಲಿಲ್ಲ.

ನಾನು ಬದಲಾದೆ ಎನ್ನಲೆ?
ಮೂರನೆಯ ಮಹಡಿಗೆ ಮೊನ್ನೆ ಒಬ್ಬಳು ಬಂದಿದ್ದಾಳೆ,
ತಲೆ ಬೋಳಿಸಿಕೊಂಡವಳು,
ರಾತ್ರಿ ಎರಡಕ್ಕೆ ಬಾಗಿಲು ಬಡಿಯುವವಳು.
ಕಂಡೊಡನೆ ಕಣ್ಣು ಚಾಕು ಎತ್ತಿಕೊಂಡಿತು,
ಕೈ ಆಗಲೇ ಕಾಗದ ಹರಿಯುತ್ತಿತ್ತು.

ಇರು, ಎಂದೆ ಕೈಗೆ.
ಅವಳತ್ತ ಬಲಗಿವಿ ಕೊಟ್ಟು ನಿಂತೆ.
ಅವಳು ದಡಾರನೆ ಬಾಗಿಲು ಹಾಕಿಕೊಂಡಳು.

ನಾಳೆ ನೋಡೋಣ.